ಬಾಯಿಲ್ಲದ ಗಣಕವೂ ಮೇಷ್ಟ್ರ ಸಿ.ಡಿ.ಯೂ

ರಾವಂದೂರಿನ ಹೊರವಲಯದ ಮುಸುಕಿನ ಜೋಳದ ಹೊಲವೊಂದರಲ್ಲಿ ಗಿಳಿಗಳನ್ನು ಬೆದರಿಸಲೆಂದು ಕಟ್ಟಿದ ದಾರದುದ್ದಕ್ಕೂ ಸಿ.ಡಿ.ಗಳು ತೂಗುತ್ತಿದ್ದವು. ಗಾಳಿ ಬೀಸಿದಾಗಲೆಲ್ಲ ಅವು ತಿರುಗಿ ಬಿಸಿಲನ್ನು ಏಳು ಬಣ್ಣವಾಗಿ ಒಡೆದು ಎಸೆಯುತ್ತಿದ್ದವು. ಕುತೂಹಲದಿಂದ ಬದುವಿಳಿದು ನೋಡಿದೆ. ಒಂದು ಯಾರದೋ ಮದುವೆಯದು, ಮೂರ್ನಾಲ್ಕು ಚಿತ್ರಗೀತೆಗಳವು, ಮತ್ತೊಂದರ ಮೇಲೆ, ಮಸುಕಾಗಿದ್ದರೂ ಓದಲು ಬರುವಂತೆ, ಕನ್ನಡ ಬೆರಳಚ್ಚು ಕಲಿಸುವ ತಂತ್ರಾಂಶವೊಂದರ ಹೆಸರಿತ್ತು. ಗಿಳಿಗಳು ಇವಕ್ಕೆ ಹೆದರುವುದು ಮೊದಲೆರಡು ದಿನ ಮಾತ್ರ ಎಂದು ಹೊಲದ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಜಾತಿಯ ಇನ್ನೊಂದು ಸಿ.ಡಿ.ಯನ್ನು ಬದುಕಿಸಲೆಂದೇ ನಾನು ಆ ದಿನ ಊರಿಗೆ ಬಂದಿದ್ದೆ.

ಆ ಸಿ.ಡಿ. ನನಗೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರದು. ನಿವೃತ್ತಿಗೆ ಮುನ್ನ ಹತ್ತು ಹದಿನೈದು ವರ್ಷ ಅವರು ಈ ಸೀಮೆಯ ಬೇಸಾಯದ ಪದಗಳನ್ನು ಕೂಡಿಹಾಕಿದ್ದರು. ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪು ಬಂದು, ಅದನ್ನು ಬೇಯಿಸುವ ಬ್ಯಾರನ್‌ಗಳೆದ್ದು, ರಾಗಿಯ ಕಣಗಳು ಒಂದೊಂದಾಗಿ ಮರೆಯಾದಂತೆ, ಕಣದ ಮಾತುಗಳೂ ಮರೆಯಾಗುತ್ತಿರುವುದನ್ನು ಕಂಡವರು ಅವರು. ಮೇಟಿ, ರೋಣಗಲ್ಲು, ವಾಡೆ, ಕೂರಿಗೆ ಇವೆಲ್ಲ ನಿಘಂಟುಗಳಲ್ಲಿ ಸಿಗುತ್ತವೆ, ನಿಜ. ಆದರೆ ಕೂರಿಗೆಯ ಯಾವ ಭಾಗಕ್ಕೆ ಯಾವ ಹೋಬಳಿಯಲ್ಲಿ ಏನೆನ್ನುತ್ತಾರೆ, ಕುಂಟೆ ಹೊಡೆಯುವಾಗ ಎತ್ತಿಗೆ ಹೇಳುವ ಮಾತೇನು, ರಾಶಿ ಪೂಜೆಯ ವೇಳೆ ಯಾವ ಪದವನ್ನು ಬಾಯಿಬಿಟ್ಟು ಹೇಳಬಾರದು ಎಂಬುದೆಲ್ಲ ಯಾವ ನಿಘಂಟಿನಲ್ಲಿದೆ? 2002ರ ಸುಮಾರಿಗೆ ಅವರು ಉಳಿತಾಯದ ಹಣದಲ್ಲಿ ಒಂದು ಕಂಪ್ಯೂಟರನ್ನೂ ಕನ್ನಡ ಅಕ್ಷರ ಜೋಡಣೆಯ ಒಂದು ತಂತ್ರಾಂಶವನ್ನೂ ಕೊಂಡು, ಎರಡು ಬೆರಳಲ್ಲಿ ಕುಟ್ಟುತ್ತ, ಟಿಪ್ಪಣಿ ಪುಸ್ತಕಗಳನ್ನೆಲ್ಲ ಅದರೊಳಕ್ಕೆ ಇಳಿಸಿದರು. ಒಂದೊಂದು ಅಕ್ಷರಕ್ಕೆ ಒಂದೊಂದು ಕಡತ. ಎಲ್ಲವನ್ನೂ ಒಂದು ಸಿ.ಡಿ.ಗೆ ಸುಟ್ಟು ಬೀರುವಿನಲ್ಲಿಟ್ಟರು. ಟಿಪ್ಪಣಿ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದರು. ಅಟ್ಟದಲ್ಲಿ ಗೆದ್ದಲಿತ್ತು.

ಈಗ ಮೈಸೂರಿನ ಮುದ್ರಕರೊಬ್ಬರು ಪುಸ್ತಕ ಮಾಡಿಕೊಡುವುದಾಗಿ ಒಪ್ಪಿದ್ದಾರೆ. ಬೆಂಗಳೂರಿನಲ್ಲಿರುವ ಮಗಳು ಹೊಸ ಲ್ಯಾಪ್‌ಟಾಪ್ ಕಳುಹಿಸಿದ್ದಾಳೆ. ಮೇಷ್ಟ್ರು ಅದನ್ನು ಮಗುಚಿ, ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ನೋಡಿ ನನಗೆ ಫೋನ್ ಮಾಡಿದರು: “ಏನಯ್ಯಾ, ಇದಕ್ಕೆ ಬಾಯೇ ಇಲ್ಲವಲ್ಲ! ಸಿ.ಡಿ. ಎಲ್ಲಿಗೆ ಹಾಕೋದು?”

ಆ ಬಾಯಿ ಯಾವಾಗ ಮುಚ್ಚಿತೆಂಬುದನ್ನು ನಮ್ಮಲ್ಲಿ ಬಹುತೇಕರು ಗಮನಿಸಲೇ ಇಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1982ರಲ್ಲಿ ಸಂಗೀತಕ್ಕಾಗಿ ಸಿ.ಡಿ.ಯನ್ನು ಮಾರುಕಟ್ಟೆಗೆ ತಂದವು. ಕೆಲವೇ ವರ್ಷಗಳಲ್ಲಿ ಅದು ಗಣಕದ ದತ್ತಾಂಶಕ್ಕೂ ಒಗ್ಗಿತು. 1.44 ಎಂ.ಬಿ. ಹಿಡಿಯುವ ಫ್ಲಾಪಿಗಳ ಕಾಲದಲ್ಲಿ 650 ಎಂ.ಬಿ.ಯ ತಟ್ಟೆಯೊಂದು ಕೈಗೆ ಸಿಕ್ಕಿದ್ದು ಸಣ್ಣ ಮಾತಲ್ಲ. ವಿಶ್ವಕೋಶಗಳೇ ಅದರೊಳಗೆ ಹೊಕ್ಕವು. 2008ರಲ್ಲಿ ಆಪಲ್ ಕಂಪನಿಯು ಡ್ರೈವ್ ಇಲ್ಲದ ಮ್ಯಾಕ್‌ಬುಕ್ ಏರ್ ತಂದಾಗ ಅದೊಂದು ಶೋಕಿ ಎಂದು ಆಡಿಕೊಂಡವರಿದ್ದರು. ಅನಂತರದ ವರ್ಷಗಳಲ್ಲಿ ತೆಳುವಾಗುವ ಭರದಲ್ಲಿ ಒಂದೊಂದೇ ಲ್ಯಾಪ್‌ಟಾಪ್ ಆ ಬಾಯಿಯನ್ನು ಕಳೆದುಕೊಂಡಿತು. ಅಂತರಜಾಲದಿಂದ ಎಲ್ಲವೂ ಇಳಿದುಬರುವಾಗ ತಟ್ಟೆ ಏಕೆ ಎಂಬುದು ತಯಾರಕರ ವಾದ. ವಾದ ಸರಿಯೇ. ಅಂತರಜಾಲಕ್ಕೆ ಎಂದೂ ಏರದ ತಂತ್ರಾಂಶಗಳನ್ನು ಮಾತ್ರ ಆ ವಾದ ಮರೆತಿತು. ಕನ್ನಡದ ಹಳೆಯ ಖಾಸಗಿ ತಂತ್ರಾಂಶಗಳಲ್ಲಿ ಹಲವು ಆ ಜಾತಿಯವು.

ಬಾಯಿಲ್ಲದ ಗಣಕಕ್ಕೆ ಉಣಿಸಲು ಸುಲಭದ ದಾರಿಯೊಂದಿದೆ. ಯು.ಎಸ್.ಬಿ. ತಂತಿಯಿಂದ ಸಿಕ್ಕಿಸುವ ಹೊರಗಿನ ಡಿ.ವಿ.ಡಿ. ಡ್ರೈವ್ ಇಂದಿಗೂ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದನ್ನು ಚೀಲದಲ್ಲಿಟ್ಟುಕೊಂಡೇ ನಾನು ರಾವಂದೂರಿನ ಬಸ್ಸು ಹತ್ತಿದ್ದೆ. ಆದರೆ ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದದ್ದು ಅನುಸ್ಥಾಪನೆಯಲ್ಲ, ಪ್ರತಿ ತೆಗೆಯುವುದು. ಅದೂ ಬರಿಯ ಕಡತಗಳ ನಕಲಲ್ಲ. ಸಿ.ಡಿ.ಯೊಳಗಿನ ಕಡತಗಳನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಹಲವು ಹಳೆಯ ತಂತ್ರಾಂಶಗಳು ಏಳುವುದಿಲ್ಲ. ಅವು ತಮ್ಮ ಮೂಲ ತಟ್ಟೆಯ ಹೆಸರನ್ನೋ ಡ್ರೈವ್ ಇರುವ ಜಾಗವನ್ನೋ ಹುಡುಕಿ, ಕಾಣದೆ ಮುನಿಸಿಕೊಳ್ಳುತ್ತವೆ. ಆದ್ದರಿಂದ ತಟ್ಟೆಯ ಮೊದಲ ತುಣುಕಿನಿಂದ ಕೊನೆಯ ತುಣುಕಿನವರೆಗೆ ಇದ್ದದ್ದನ್ನು ಇದ್ದಂತೆ ಒಂದೇ ಕಡತವಾಗಿ ಇಳಿಸಿಕೊಳ್ಳಬೇಕು. ಇದಕ್ಕೆ ಐ.ಎಸ್.ಓ. ಪ್ರತಿಬಿಂಬ ಎನ್ನುತ್ತಾರೆ, 1988ರಲ್ಲಿ ಬಂದ ಐ.ಎಸ್.ಓ. 9660 ಎಂಬ ಮಾನಕದಿಂದ ಬಂದ ಹೆಸರು. 2012ರ ವಿಂಡೋಸ್ 8ರಿಂದೀಚೆಗೆ ಅಂಥ ಕಡತದ ಮೇಲೆ ಎರಡು ಸಲ ಒತ್ತಿದರೆ ಸಾಕು, ಗಣಕವು ತನ್ನೊಳಗೊಂದು ಸಿ.ಡಿ. ಇದೆಯೆಂದೇ ನಂಬಿ ನಡೆದುಕೊಳ್ಳುತ್ತದೆ. ಪಕ್ಕದ ಮನೆಯವರ ಹಳೆಯ ಕಂಪ್ಯೂಟರಿನಲ್ಲಿ ಡ್ರೈವ್ ಇದ್ದರೆ ಅಲ್ಲಿಯೇ ಪ್ರತಿಬಿಂಬ ಮಾಡಿ ಪೆನ್‌ಡ್ರೈವಿನಲ್ಲಿ ತಂದರೂ ಆದೀತು.

ತಂತ್ರಾಂಶದ ಸಿ.ಡಿ. ಒಂದೇ ಯತ್ನಕ್ಕೆ ಇಳಿಯಿತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಗಳ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಒತ್ತಿದವು, ಸುಲಭಕ್ಕೆ ಅಳಿಯುವುದಿಲ್ಲ. ಮೇಷ್ಟ್ರ ಕಡತಗಳಿದ್ದ, ಮನೆಯಲ್ಲೇ ಸುಟ್ಟ ಸಿ.ಡಿ.ಯ ಕತೆ ಬೇರೆ. ಅದರಲ್ಲಿ ಅಕ್ಷರ ನಿಲ್ಲುವುದು ಬಣ್ಣದ ಒಂದು ತೆಳು ಲೇಪದಲ್ಲಿ. ಬಿಸಿಲು, ಸೆಕೆ, ತೇವ ಮೂರೂ ಆ ಬಣ್ಣಕ್ಕೆ ಆಗದು. ಅದಕ್ಕಿಂತ ದೊಡ್ಡ ಅಪಾಯವನ್ನು ನಾವೇ ಮಾಡಿಕೊಂಡಿರುತ್ತೇವೆ. ಹೊಳೆಯುವ ಮೈ ಗೀರು ಬೀಳದಂತೆ ಜೋಪಾನ ಮಾಡಿ, ಹೆಸರು ಬರೆಯುವ ಮೈಯನ್ನು ಒರಟಾಗಿ ಬಳಸುತ್ತೇವೆ. ವಾಸ್ತವದಲ್ಲಿ ಹೊಳೆಯುವ ಕಡೆ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ಹೆಸರು ಬರೆಯುವ ಕಡೆ ಅಕ್ಷರಗಳಿಗೂ ನಮ್ಮ ಲೇಖನಿಗೂ ನಡುವೆ ಇರುವುದು ಅರಗಿನ ತೆಳು ಪೊರೆ ಮಾತ್ರ. ಮೇಷ್ಟ್ರು ಬಾಲ್‌ಪೆನ್ನನ್ನು ಒತ್ತಿ, ದುಂಡಗೆ, ಹೆಸರು ದಿನಾಂಕಗಳೊಡನೆ ತಮ್ಮ ರುಜುವನ್ನೂ ಹಾಕಿದ್ದರು.

ಡ್ರೈವ್ ಗರಗರ ಎಂದು ನಿಂತಿತು, ಮತ್ತೆ ತಿರುಗಿತು, ಮತ್ತೆ ನಿಂತಿತು. ಹೀಗಾದಾಗ ಗಾಬರಿಯಿಂದ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜುವುದರಿಂದ ಪ್ರಯೋಜನವಿಲ್ಲ. ವೇಗ ತಗ್ಗಿಸಿ ಓದಿಸಬೇಕು. ಒಂದು ಡ್ರೈವ್ ಓದಲಾರದ ಜಾಗವನ್ನು ಇನ್ನೊಂದು ಓದುವುದುಂಟು. ಹಲವು ಡ್ರೈವುಗಳಲ್ಲಿ ಸಿಕ್ಕಿದ ಚೂರುಗಳನ್ನೆಲ್ಲ ಒಂದೇ ಪ್ರತಿಬಿಂಬಕ್ಕೆ ಕೂಡಿಸುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಮೂರು ಡ್ರೈವು, ಎರಡು ರಾತ್ರಿ. ಕೊನೆಗೂ ಕೆಲವು ತುಣುಕುಗಳು ಬಾರಲೇ ಇಲ್ಲ. ಅವು ಯಾವ ಕಡತದವು ಎಂದು ನೋಡಿದರೆ, ಹಕಾರದ ಕಡತ.

ಪ್ರತಿಬಿಂಬ ಬಂದಿತು, ಇನ್ನೇನು ಎಂದುಕೊಳ್ಳುವಾಗ ಎರಡನೆಯ ಬಾಗಿಲು ಎದುರಾಯಿತು. ಆ ತಂತ್ರಾಂಶವನ್ನು ಗಣಕಕ್ಕೆ ಕೂರಿಸುವ ಕಾರ್ಯಕ್ರಮ 16 ಬಿಟ್ ಕಾಲದ್ದು. ಇಂದಿನ 64 ಬಿಟ್ ವಿಂಡೋಸ್ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್‌ನ ಆವೃತ್ತಿಯೇ ಇಲ್ಲವಾದ್ದರಿಂದ ಹಿಂಬಾಗಿಲೂ ಮುಚ್ಚಿದೆ. ಇದಕ್ಕೂ ಮದ್ದುಂಟು. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶವು ಹೊಸ ಗಣಕದೊಳಗೆ ಒಂದು ಹಳೆಯ ಗಣಕವನ್ನು ಕಟ್ಟಿಕೊಡುತ್ತದೆ. ಅದರಲ್ಲಿ ವಿಂಡೋಸ್ 98ನ್ನೋ ಎಕ್ಸ್‌ಪಿಯನ್ನೋ ಕೂರಿಸಿ, ಸಿ.ಡಿ.ಯ ಪ್ರತಿಬಿಂಬವನ್ನು ಅದರ ಬಾಯಿಗಿಡಬಹುದು. ಮೇಷ್ಟ್ರ ಹಳೆಯ ಗಣಕದ ಜತೆ ಬಂದ ವಿಂಡೋಸ್ ಸಿ.ಡಿ.ಯೂ ಪರವಾನಗಿ ಸಂಖ್ಯೆಯೂ ಅದೃಷ್ಟಕ್ಕೆ ಬೀರುವಿನಲ್ಲೇ ಇದ್ದವು. ಹೊಸ ಪರದೆಯ ನಡುವೆ ಹಸಿರು ನೀಲಿಯ ಹಳೆಯ ಪರದೆ ತೆರೆದುಕೊಂಡಾಗ ಮೇಷ್ಟ್ರು, ಸತ್ತವರು ಎದ್ದುಬಂದಂತೆ, ಒಂದು ಹೆಜ್ಜೆ ಹಿಂದೆ ಸರಿದರು.

ತಂತ್ರಾಂಶ ಕುಳಿತಿತು. ತೆರೆದೊಡನೆ ಅದು ಕೇಳಿದ್ದು ಒಂದೇ ಪ್ರಶ್ನೆ: ಬೀಗ ಎಲ್ಲಿ?

ಆ ಕಾಲದ ಅಕ್ಷರ ಜೋಡಣೆಯ ತಂತ್ರಾಂಶಗಳನ್ನು ಬಳಸಿದವರಿಗೆ ಇದು ಗೊತ್ತು. ಸಾವಿರಾರು ರೂಪಾಯಿಯ ತಂತ್ರಾಂಶವನ್ನು ಅಕ್ಕಪಕ್ಕದ ಅಂಗಡಿಯವರು ನಕಲು ಮಾಡದಂತೆ ತಯಾರಕರು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಾಂಗಲ್ ಕೊಡುತ್ತಿದ್ದರು. ಗಣಕದ ಬೆನ್ನಿಗಿದ್ದ 25 ಸೂಜಿಗಳ ಪ್ರಿಂಟರ್ ಕಿಂಡಿಗೆ ಅದನ್ನು ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರಿನ ತಂತಿ ಸಿಕ್ಕಿಸಬೇಕು. ಡಾಂಗಲ್ ಕಳೆದರೆ ತಂತ್ರಾಂಶ ಕಳೆದಂತೆ. ಮೇಷ್ಟ್ರು ಅದನ್ನು ಕಳೆದಿರಲಿಲ್ಲ. ವಿಭೂತಿಯ ಕರಡಿಗೆಯಷ್ಟೇ ಭಕ್ತಿಯಿಂದ ಕಾಯ್ದಿಟ್ಟಿದ್ದರು. ಕಳೆದುಹೋದದ್ದು ಆ ಕಿಂಡಿ. ಇಂದಿನ ಯಾವ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಕಿಂಡಿಯಿದೆ? ಯು.ಎಸ್.ಬಿ.ಯಿಂದ ಆ ಕಿಂಡಿಗೆ ಹೊಂದಿಸುವ ತಂತಿಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ಅವು ಪ್ರಿಂಟರಿನ ಮಾತನ್ನಷ್ಟೇ ಬಲ್ಲವು, ಬೀಗದೊಡನೆ ಮಾತಾಡಲಾರವು. ತಯಾರಕರನ್ನೇ ಕೇಳೋಣವೆಂದರೆ ಆ ಸಂಸ್ಥೆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿದೆ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಲೇಬೇಕು. ಪ್ರತಿ ತೆಗೆಯುವುದೆಂದರೆ ಕಳ್ಳತನವೆಂದು ಹೆದರುವ ಸಜ್ಜನರು ನಮ್ಮಲ್ಲಿ ಬಹಳ. 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮದ 52ನೇ ಕಲಮು, ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಅದನ್ನು ಉದ್ದೇಶಿತ ಕೆಲಸಕ್ಕೆ ಬಳಸಲು ಅಗತ್ಯವಾದ ಪ್ರತಿಯನ್ನೂ, ನಾಶವಾದೀತೆಂಬ ಭಯಕ್ಕೆ ತಾತ್ಕಾಲಿಕ ರಕ್ಷಣೆಯ ಪ್ರತಿಯನ್ನೂ ಮಾಡಿಕೊಳ್ಳಲು ಸ್ಪಷ್ಟವಾಗಿ ಅವಕಾಶ ಕೊಡುತ್ತದೆ. ತಾನು ಕೊಂಡ ಸಿ.ಡಿ.ಯ ಪ್ರತಿಬಿಂಬ ಮಾಡಿಟ್ಟುಕೊಳ್ಳುವುದು ಅಪರಾಧವಲ್ಲ. ಬೀಗ ಮುರಿಯುವ ವಿಚಾರಕ್ಕೆ 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಮು ಸೇರಿತು. ಅದು ಶಿಕ್ಷಿಸುವುದು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ತಪ್ಪಿಸುವವನನ್ನು. ಹಾಗಾದರೆ ಕಿಂಡಿಯೇ ಇಲ್ಲದ ಗಣಕದೆದುರು ಬೀಗ ಹಿಡಿದು ಕುಳಿತ ಪ್ರಾಮಾಣಿಕ ಗ್ರಾಹಕನ ಗತಿಯೇನು? ನಮ್ಮ ಕಾನೂನು ಅವನ ಹೆಸರೆತ್ತಿ ಒಂದು ಮಾತನ್ನೂ ಹೇಳುವುದಿಲ್ಲ. ಅಮೆರಿಕದಲ್ಲಿ 2003ರಷ್ಟು ಹಿಂದೆಯೇ ಲೈಬ್ರರಿ ಆಫ್ ಕಾಂಗ್ರೆಸ್, ಕೆಟ್ಟು ಬದಲಿ ಸಿಗದ ಡಾಂಗಲ್‌ಗಳಿಗೂ, ಮೂಲ ತಟ್ಟೆಯನ್ನೋ ಯಂತ್ರವನ್ನೋ ಬೇಡುವ ಬಳಕೆ ತಪ್ಪಿದ ನಮೂನೆಯ ತಂತ್ರಾಂಶಗಳಿಗೂ ಹೆಸರಿಸಿಯೇ ವಿನಾಯಿತಿ ನೀಡಿತ್ತು. ಇಲ್ಲಿ ಸಂಸ್ಥೆ ಮುಚ್ಚಿದರೂ ಕೃತಿಸ್ವಾಮ್ಯ ಮುಚ್ಚುವುದಿಲ್ಲ. ಅದರ ಅವಧಿಯನ್ನು ದಶಕಗಳಲ್ಲಿ ಎಣಿಸಬೇಕು. ಅಷ್ಟರಲ್ಲಿ ತಟ್ಟೆಯ ಬಣ್ಣವೇ ಉಳಿದಿರುವುದಿಲ್ಲ.

ಮೇಷ್ಟ್ರು ಬೀಗ ಮುರಿಯಲು ಒಪ್ಪಲಿಲ್ಲ. “ಕಾಸು ಕೊಟ್ಟು ತಗೊಂಡದ್ದು ಕಣಯ್ಯಾ, ಕಳ್ಳನ ಹಾಗೆ ಯಾಕೆ ಒಳಕ್ಕೆ ಹೋಗಲಿ?” ಎಂದರು. ಅವರ ಹಳೆಯ ಗಣಕ ಎಂದೋ ಗುಜರಿಗೆ ಹೋಗಿತ್ತು. ಹಾಗಾಗಿ ಕಿಂಡಿಯುಳ್ಳ ಗಣಕವನ್ನು ಹುಡುಕಿ ಹೊರಟೆವು. ಪಿರಿಯಾಪಟ್ಟಣದಲ್ಲಿ, ಒಂದು ಕಾಲಕ್ಕೆ ಲಗ್ನಪತ್ರಿಕೆ ಜೋಡಿಸುತ್ತಿದ್ದು ಈಗ ಜೆರಾಕ್ಸ್‌ಗೂ ಆನ್‌ಲೈನ್ ಅರ್ಜಿಗಳಿಗೂ ಸೀಮಿತವಾಗಿರುವ ಅಂಗಡಿಯೊಂದರ ಮೂಲೆಯಲ್ಲಿ, ಅರ್ಜಿ ನಮೂನೆಗಳ ಕಟ್ಟುಗಳಡಿಯಲ್ಲಿ ಅದು ಸಿಕ್ಕಿತು. ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರಿಂದ ಯಂತ್ರವು ತನ್ನ ಹುಟ್ಟಿನ ವರ್ಷಕ್ಕೇ ಹಿಂದಿರುಗಿ, ಇಸವಿ ಕೇಳಿದರೆ 2001 ಎನ್ನುತ್ತಿತ್ತು. ಅದರ ಸಿ.ಡಿ. ಡ್ರೈವಿನ ತಟ್ಟೆ ಹೊರಬರಲಿಲ್ಲ. ಒಳಗಿನ ರಬ್ಬರ್ ಪಟ್ಟಿ ಸಡಿಲಗೊಂಡಿದ್ದಿರಬೇಕು. ಅಂಗಡಿಯ ಹುಡುಗ ಡ್ರೈವಿನ ಮುಖದ ಸಣ್ಣ ರಂಧ್ರಕ್ಕೆ ಗುಂಡುಸೂಜಿ ಚುಚ್ಚಿ ಎಳೆದ. ಒಳಗೆ ಯಾರೋ ಮರೆತಿದ್ದ ದೇವರನಾಮದ ಸಿ.ಡಿ. ಇತ್ತು.

ಬೀಗ ಸಿಕ್ಕಿಸಿದೆವು. ತಂತ್ರಾಂಶ ತೆರೆಯಿತು. ಮೇಷ್ಟ್ರ ಕಡತ ಪರದೆಯ ಮೇಲೆ ಬಂತು, ಅಚ್ಚ ಕನ್ನಡದಲ್ಲಿ. ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಏಕೆಂದರೆ ಆ ಕನ್ನಡ ಕಣ್ಣಿಗೆ ಮಾತ್ರ ಕನ್ನಡ.

ಅಂದಿನ ತಂತ್ರಾಂಶಗಳು ಕನ್ನಡವನ್ನು ಕನ್ನಡವಾಗಿ ಉಳಿಸುತ್ತಿರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಗೆರೆಗಳನ್ನು ಹೊದಿಸುತ್ತಿದ್ದವು. ಫಾಂಟ್ ತೆಗೆದರೆ ವೇಷ ಕಳಚಿ ಬೀಳುತ್ತದೆ. ನುಡಿಯಲ್ಲಿ ಬರೆದ ಹಳೆಯ ಕಡತವನ್ನು ಫಾಂಟ್ ಇಲ್ಲದೆ ತೆರೆದವರು ಕಂಡಿರಬಹುದು: ‘ಕನ್ನಡ’ ಎಂಬ ಪದದ ನಕಾರದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ ಕುಳಿತಿರುತ್ತದೆ. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಫಾಂಟೂ ಬಂದಿತು. ಆದರೆ ಪುಸ್ತಕ, ಪತ್ರಿಕೆಗಳ ಲೋಕ ನಡೆಯುತ್ತಿದ್ದುದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿಯೂ 2001ರದ್ದೇ. ಯುನಿಕೋಡ್ ಕನ್ನಡ ಅದಕ್ಕೆ ಕೊನೆಯವರೆಗೂ ಒಗ್ಗಲಿಲ್ಲ. ಹೀಗಾಗಿ ಎರಡು ದಶಕಗಳ ಕನ್ನಡದ ಬಹುಪಾಲು ಬರವಣಿಗೆ ಆಯಾ ತಂತ್ರಾಂಶದ ಖಾಸಗಿ ಸಂಕೇತಗಳಲ್ಲಿ ಸಿಕ್ಕಿಕೊಂಡಿತು. ಶೇಷಾದ್ರಿವಾಸು ಅವರು 1998ರಲ್ಲಿ ಬರಹವನ್ನು ಹೊರತಂದಾಗ, ಅನಂತರ ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿದಾಗ ನಮ್ಮಂಥ ಸಾಮಾನ್ಯರಿಗೆ ಕನ್ನಡ ಬರೆಯುವುದು ಸುಲಭವಾಯಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸರ್ಕಾರದ ಮಾನ್ಯತೆಯನ್ನೂ ಪಡೆಯಿತು. ಆ ಎರಡು ತಂತ್ರಾಂಶಗಳ ಹಳೆಯ ಕಡತಗಳನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳು ಇಂದು ಉಚಿತವಾಗಿ ಸಿಗುತ್ತವೆ. ಮೇಷ್ಟ್ರು ಕೊಂಡದ್ದು ಬೇರೆ. ಅದರ ಸಂಕೇತಗಳ ಗುಟ್ಟು ಅದರ ತಯಾರಕರೊಡನೆಯೇ ಹೋಗಿದೆ.

ಉಳಿದದ್ದು ಒಂದೇ ದಾರಿ. ತಂತ್ರಾಂಶ ಜೀವದಿಂದಿರುವ ಆ ಯಂತ್ರದಲ್ಲೇ ಒಂದೊಂದು ಸಂಕೇತವನ್ನೂ ಒತ್ತಿ, ಪರದೆಯಲ್ಲಿ ಯಾವ ಗೆರೆ ಮೂಡುತ್ತದೆಂದು ನೋಡಿ, ಪಟ್ಟಿ ಮಾಡಿದೆವು. ತಲೆಕಟ್ಟು ಒಂದು ಸಂಕೇತ, ಕೊಂಬು ಒಂದು, ದೀರ್ಘ ಒಂದು, ಒತ್ತುಗಳು ಪ್ರತ್ಯೇಕ. ಅರ್ಕಾವೊತ್ತು ಎಲ್ಲಕ್ಕಿಂತ ಹೆಚ್ಚು ಕಾಡಿತು. ‘ಸೂರ್ಯ’ ಎನ್ನುವಾಗ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಯುನಿಕೋಡ್ ಕೂಡ ಹಾಗೆಯೇ ಉಳಿಸುತ್ತದೆ. ಫಾಂಟ್ ಲೋಕದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಕೊನೆಯಲ್ಲಿರುತ್ತದೆ. ಪ್ರತಿ ಸಲವೂ ಅದನ್ನೆತ್ತಿ ಹಿಂದಕ್ಕಿಡಬೇಕು. ಮೇಷ್ಟ್ರು ವ್ಯಾಕರಣ ಪಾಠ ಮಾಡುವ ಹುರುಪಿನಲ್ಲಿದ್ದರು. ಅಂಗಡಿಯ ಹುಡುಗ ಮಾತ್ರ, ಇಷ್ಟು ಹೊತ್ತಿಗೆ ಹೊಸದಾಗಿ ಟೈಪ್ ಮಾಡಿಯೇ ಮುಗಿಸಬಹುದಿತ್ತಲ್ಲ ಎಂದು ಎರಡು ಬಾರಿ ಹೇಳಿದ. ಯಾವುದನ್ನು ನೋಡಿ ಟೈಪ್ ಮಾಡುವುದು ಎಂಬುದೇ ನಮ್ಮ ಕಷ್ಟ ಎಂದು ಅವನಿಗೆ ವಿವರಿಸುವಷ್ಟರಲ್ಲಿ ಕರೆಂಟು ಹೋಯಿತು.

ಇದು ರಾವಂದೂರಿನೊಂದರ ಕಥೆಯಲ್ಲ, ಬಡವರ ಭಾಷೆಗಳೊಂದರ ಕಥೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಪುಸ್ತಕದ 900ನೇ ವರ್ಷದ ನೆನಪಿಗೆ ಬಿ.ಬಿ.ಸಿ. 1986ರಲ್ಲಿ ಇಡೀ ದೇಶದ ಚಿತ್ರಣವನ್ನು ಲೇಸರ್ ತಟ್ಟೆಗಳಿಗೆ ಏರಿಸಿತು. ಶಾಲಾಮಕ್ಕಳೂ ಸೇರಿ ಅಸಂಖ್ಯ ಜನ ಬರೆದುಕೊಟ್ಟಿದ್ದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಅದನ್ನು ಓದುವ ಯಂತ್ರಗಳು ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡ ಹಳೆಯ ಗಣಕವನ್ನು ಹೊಸ ಗಣಕದೊಳಗೆ ಕಟ್ಟಿ ಅದನ್ನು ಮತ್ತೆ ಓದಿಸಬೇಕಾಯಿತು. ಅಲ್ಲಿ ಎರಡು ವಿಶ್ವವಿದ್ಯಾಲಯಗಳು ನಿಂತವು. ನಮ್ಮಲ್ಲಿ 1954ರ ಗ್ರಂಥ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ಪುಸ್ತಕಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದೆಡೆಗಳಿಗೆ ಕಳುಹಿಸಬೇಕು. ಕನ್ನಡದ ಪುಸ್ತಕಗಳನ್ನು ಜೋಡಿಸಿದ ತಂತ್ರಾಂಶವನ್ನು ಎಲ್ಲಿಗೂ ಕಳುಹಿಸಬೇಕಿರಲಿಲ್ಲ. ಕನ್ನಡದ ಹಳೆಯ ತಂತ್ರಾಂಶಗಳ ಪ್ರತಿಬಿಂಬ, ಅವುಗಳ ಫಾಂಟು, ಸಂಕೇತಪಟ್ಟಿ, ಬೀಗ ತೆರೆಯುವ ಬಗೆ, ಇಷ್ಟನ್ನು ಒಂದೆಡೆ ಕೂಡಿಡಲು ದೊಡ್ಡ ಹಣವೂ ಬೇಡ, ದೊಡ್ಡ ಕಟ್ಟಡವೂ ಬೇಡ. ಕನ್ನಡದ ಹೆಸರಿನಲ್ಲಿರುವ ವಿಶ್ವವಿದ್ಯಾಲಯ, ಪ್ರಾಧಿಕಾರಗಳಲ್ಲಿ ಯಾವುದಾದರೂ ಒಂದು ಈ ಕೆಲಸವನ್ನು ತನ್ನದೆನ್ನಬೇಕು. ಅಂಗಡಿಗಳ ಮೂಲೆಯಲ್ಲಿರುವ ಯಂತ್ರಗಳು ಗುಜರಿಗೆ ಹೋಗುವ ಮುನ್ನ ಎನ್ನಬೇಕು.

ಪಟ್ಟಿ ಹಿಡಿದು ಬರೆಸಿದ ಪರಿವರ್ತಕ ಕೆಲಸ ಮಾಡಿತು. ಅಕಾರದಿಂದ ಸಕಾರದವರೆಗಿನ ಕಡತಗಳು ಯುನಿಕೋಡಿಗೆ ಬಂದು, ಈಗ ಬಾಯಿಲ್ಲದ ಲ್ಯಾಪ್‌ಟಾಪಿನಲ್ಲಿ ಕುಳಿತಿವೆ. ಮೇಷ್ಟ್ರು ಕರಡು ತಿದ್ದುತ್ತಿದ್ದಾರೆ. ಹಕಾರದ್ದು ಅರ್ಧಕ್ಕೇ ನಿಂತಿದೆ. ದಿನವೂ ಸಂಜೆ ಅವರಿಂದ ಫೋನ್ ಬರುತ್ತದೆ. ಹಗೇವು ನೆನಪಾಯಿತು, ಹಲುಬೆ ಬರೆದುಕೋ, ಹಸುಬೆಯನ್ನು ಕಳೆದ ವಾರವೇ ಹೇಳಿದ್ದೆನೋ ಇಲ್ಲವೋ ಎನ್ನುತ್ತಾರೆ. ನಿನ್ನೆ ಹೆಡಗೆಯವರೆಗೆ ಬಂದಿದ್ದೇವೆ. ರಾಶಿಯ ದಿನ ಬಾಯಿಬಿಟ್ಟು ಹೇಳಬಾರದ ಆ ಪದವೂ ಹಕಾರದ್ದೇ ಅಂತೆ. ಅದನ್ನು ಹೇಳಿದ್ದ ಅಜ್ಜಿ ಈಗಿಲ್ಲ. ಅವರ ಸೊಸೆ ಕೆ.ಆರ್. ನಗರದ ಕಡೆ ಮಗಳ ಮನೆಯಲ್ಲಿದ್ದಾರೆಂದು ಮೇಷ್ಟ್ರು ವಿಳಾಸ ಹುಡುಕುತ್ತಿದ್ದಾರೆ.